ಕೂಲರ್ ಕೆಟ್ಟಿದೆ, ಕಸ್ಟಮರ್ ಕೇರ್ ಕೇಳ್ತಿಲ್ಲ: ಸಣ್ಣ ದುಡ್ಡಿಗೂ ದೂರು ಕೊಡಬೇಕಾ?

ಪ್ರಶ್ನೆ: ಸರ್, ನಾವು ಹುಮನಾಬಾದ್‌ನವರು. ಮಾರ್ಚ್ ಕೊನೆಗೆ ಕಲಬುರಗಿಯ ಒಂದು ಅಂಗಡಿಯಿಂದ 11,500 ರೂಪಾಯಿ ಕೊಟ್ಟು ಏರ್ ಕೂಲರ್ ತಂದೆವು. ಮೂರೇ ವಾರಕ್ಕೆ ನೀರಿನ ಪಂಪ್ ನಿಂತುಹೋಯಿತು. ಅಂಗಡಿಗೆ ಹೋದರೆ “ಅಕ್ಕಾರ, ನಾವು ಬರೀ ಮಾರೋರ್ರೀ, ಕಂಪನಿಗೆ ಫೋನ್ ಹಚ್ರಿ” ಅಂತಾರೆ. ಕಂಪನಿಯ ಕಸ್ಟಮರ್ ಕೇರ್‌ನವರು ಹಿಂದಿಯಲ್ಲಿ ಮಾತಾಡ್ತಾರೆ, ಎರಡು ದಿನದಲ್ಲಿ ಬರ್ತಾರೆ ಅಂತಾರೆ, ಯಾರೂ ಬರಲ್ಲ. ಕೊನೆಗೆ ಒಬ್ಬ ಹುಡುಗ ಬಂದ. ನೋಡಿ, ನೀವು ಬೋರಿನ ನೀರು ಹಾಕಿದ್ದೀರಿ, ವಾರಂಟಿ ಬರಲ್ಲ ಅಂದು ಹೋದ. ಇನ್ನೊಂದು ತಲೆನೋವು: ಮಗ ಐಪಿಎಲ್ ನೋಡಲು ಒಂದು ಓಟಿಟಿ ಆ್ಯಪ್ ಹಾಕಿದ್ದ. ಆ್ಯಪ್ ತೆಗೆದುಹಾಕಿದ ಮೇಲೂ ತಿಂಗಳಿಗೆ 149 ರೂಪಾಯಿ ಕಟ್ ಆಗ್ತಾ ಇದೆ. ಇಷ್ಟು ಸಣ್ಣ ದುಡ್ಡಿಗೆ ಕೋರ್ಟು ಕಚೇರಿ ಅಂತ ಓಡಾಡಬೇಕಾ? ಸುಮ್ನೆ ಬಿಟ್ಟುಬಿಡೋದೇ ವಾಸಿನಾ?

ಉತ್ತರ: ಬಿಡಬೇಡಿ ಅಕ್ಕಾರ. ಆದರೆ ಕೋರ್ಟಿನ ಮಾತು ಆಮೇಲೆ. ನಿಮ್ಮ ಪತ್ರ ಓದಿದಾಗ ಮೊದಲು ಕಂಡಿದ್ದು ಒಂದೇ. ಇಲ್ಲಿಯವರೆಗಿನ ಗುದ್ದಾಟವೆಲ್ಲ ಬಾಯಿಮಾತಿನಲ್ಲೇ ಆಗಿದೆ. ಅಂಗಡಿಯಲ್ಲಿ ಹೇಳಿದ್ದೀರಿ, ಫೋನಿನಲ್ಲಿ ಹೇಳಿದ್ದೀರಿ, ಬಂದ ಹುಡುಗನ ಜೊತೆ ವಾದ ಮಾಡಿದ್ದೀರಿ. ಬರಹದಲ್ಲಿ ಒಂದು ಸಾಲೂ ಇಲ್ಲ. ನಾಳೆ ಅವರು “ಈ ಅಕ್ಕಾರು ನಮ್ಮ ಹತ್ತಿರ ಬಂದೇ ಇಲ್ಲ” ಅಂದರೆ ತೋರಿಸಲು ನಿಮ್ಮ ಕೈಯಲ್ಲಿ ಏನಿದೆ?

ನನ್ನ ಹತ್ತಿರ ಇಂಥ ತಕರಾರು ತರುವವರಲ್ಲಿ ಹೆಚ್ಚಿನವರದ್ದು ಇದೇ ಕತೆ. ಸಿಟ್ಟು ಬೇಕಾದಷ್ಟು ಇರುತ್ತದೆ, ಕಾಗದ ಇರುವುದಿಲ್ಲ. ಫೋನ್ ಎತ್ತುವ ಹುಡುಗಿಯ ಮೇಲೆ ಎಷ್ಟು ಕೂಗಾಡಿದರೂ ಕೂಲರ್ ಬದಲಿಸಿಕೊಡುವ ಅಧಿಕಾರ ಅವಳಿಗಿಲ್ಲ. ಯಾವುದೋ ಊರಿನ ಕಾಲ್ ಸೆಂಟರ್‌ನಲ್ಲಿ ಕೂತು, ಮುಂದಿರುವ ಪರದೆ ಏನು ಹೇಳು ಅನ್ನುತ್ತದೋ ಅದನ್ನು ಹೇಳುವುದು ಅವಳ ನೌಕರಿ. ಅವಳಿಂದ ನಿಮಗೆ ಬೇಕಾಗಿರುವುದು ಒಂದೇ, ದೂರಿನ ನಂಬರ್. ಅದು ಸಿಕ್ಕಿತೋ, “ಥ್ಯಾಂಕ್ಸ್ ತಾಯಿ” ಅಂತ ಹೇಳಿ ಫೋನ್ ಇಡಿ. ಆ ನಂಬರಿನ ಮೆಸೇಜ್ ಅಳಿಸಬೇಡಿ. ಮುಂದಿನ ಮಾತೆಲ್ಲ ಬರಹದಲ್ಲಿ ಆಗಲಿ.

ಮೊದಲು ಬಿಲ್ಲು ಹುಡುಕಿ. ನಮ್ಮ ಕಡೆಯ ಬಿಸಿಲು ಬಿಲ್ಲನ್ನೂ ಬಿಡುವುದಿಲ್ಲ. ಮಷೀನಿನಿಂದ ಬರುವ ಆ ನುಣುಪು ಕಾಗದ ಶಾಖಕ್ಕೆ ಕಪ್ಪಾಗುತ್ತದೆ, ಇಲ್ಲವೇ ಅಕ್ಷರವೆಲ್ಲ ಮಾಸಿ ಬಿಳಿ ಚೀಟಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಬೀರುವಿನಲ್ಲಿ ಇಟ್ಟ ಬಿಲ್ಲು ದೀಪಾವಳಿಗೆ ತೆಗೆದರೆ ಓದಲು ಬರಲ್ಲ. ಅದಕ್ಕೇ ಇವತ್ತೇ ಫೋಟೊ ತೆಗೆಯಿರಿ. ಕೂಲರ್ ಹಿಂಬದಿಯ ಸೀರಿಯಲ್ ನಂಬರಿನ ಸ್ಟಿಕ್ಕರ್, ಸೀಲು ಹೊಡೆದ ವಾರಂಟಿ ಕಾರ್ಡು, ಇವುಗಳ ಫೋಟೊನೂ ಇರಲಿ. ಎಲ್ಲವನ್ನೂ ಮಗನ ವಾಟ್ಸಾಪ್‌ಗೆ ಕಳಿಸಿಬಿಡಿ, ನಿಮ್ಮ ಫೋನ್ ಕೆಟ್ಟರೂ ಉಳಿಯುತ್ತವೆ.

ಬಿಲ್ಲೇ ಕೊಟ್ಟಿಲ್ಲ ಅಂದರೆ? “ಜಿಎಸ್‌ಟಿ ಬಿಲ್ ಬೇಕಂದ್ರ ರೇಟ್ ಜಾಸ್ತಿ ಆಗ್ತದ್ರೀ” ಅಂತ ಹೇಳಿ ಕಚ್ಚಾ ಚೀಟಿ ಕೈಗಿಡುವ ಅಂಗಡಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಅಂತಲೇ ಕರೆಯುತ್ತದೆ. ಬಿಲ್ಲಿಲ್ಲ ಅಂದ ಮಾತ್ರಕ್ಕೆ ನಿಮ್ಮ ಕೇಸು ಬಿದ್ದುಹೋಗುವುದಿಲ್ಲ. ಫೋನ್‌ಪೇಯಲ್ಲೋ ಗೂಗಲ್‌ಪೇಯಲ್ಲೋ ದುಡ್ಡು ಕಟ್ಟಿದ್ದರೆ ಆ ದಾಖಲೆ ಇದೆ, ಅಂಗಡಿಯ ಸೀಲಿರುವ ವಾರಂಟಿ ಕಾರ್ಡ್ ಇದೆ. ಅವೂ ನಡೆಯುತ್ತವೆ. ಪಕ್ಕಾ ಬಿಲ್ಲು ಇದ್ದರೆ ವಾದ ಬೇಗ ಮುಗಿಯುತ್ತದೆ, ಅಷ್ಟೇ ವ್ಯತ್ಯಾಸ.

ಈಗ ಅಂಗಡಿಯವರ ಮಾತಿಗೆ ಬರೋಣ. “ನಾವು ಬರೀ ಮಾರೋರು” ಅನ್ನುವುದು ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ಕೂಲರನ್ನು ಅವರು ಮಾಡಿಲ್ಲ, ನಿಜ. ಆದರೆ ನಿಮ್ಮ ದುಡ್ಡು ತಗೊಂಡವರು ಅವರೇ. ಮಾರಿದ ಮಾಲಿನಲ್ಲಿ ದೋಷವಿದ್ದರೆ, ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ ಅದನ್ನು ವಾಪಸ್ ತಗೊಂಡು ದುಡ್ಡು ಮರಳಿಸಬೇಕು. ಅವಧಿ ಬರೆದೇ ಇಲ್ಲವಾದರೆ 30 ದಿನ. ಆಗಲ್ಲ ಅಂದರೆ ಅದೂ ಅನುಚಿತ ವ್ಯಾಪಾರವೇ. ಗೋಡೆಗೆ ಹಚ್ಚಿದ “ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ” ಅನ್ನುವ ಬೋರ್ಡು ಕಾಯ್ದೆಗಿಂತ ದೊಡ್ಡದಲ್ಲ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಅನ್ನುವವರಿಗೆ ಆ ಬೋರ್ಡು ಸರಿ. ಕೆಟ್ಟ ಮಾಲಿಗೆ ಅದು ನಡೆಯಲ್ಲ. ನೀವು ಮೂರು ವಾರಕ್ಕೇ ಅಂಗಡಿಗೆ ಹೋಗಿ ಹೇಳಿದ್ದೀರಿ. ಅದು ನಿಮಗೆ ಅನುಕೂಲ.

ಹಾಗಂತ ಅಂಗಡಿಯವರ ಜೊತೆ ಜಗಳಕ್ಕೆ ಇಳಿಯಿರಿ ಅಂತ ನಾನು ಹೇಳಲ್ಲ. ನಮ್ಮ ಊರುಗಳಲ್ಲಿ ಅಂಗಡಿಯವರು ಅಂದರೆ ಪರಿಚಯದವರು, ಮದುವೆ ಮುಂಜಿಗೆ ಬರುವವರು, ಹಬ್ಬಕ್ಕೆ ಉದ್ರಿ ಕೊಡುವವರು. ಅವರಿಗೂ ಮೇಲೆ ಒಬ್ಬ ಡಿಸ್ಟ್ರಿಬ್ಯೂಟರ್ ಇರುತ್ತಾನೆ. ನಿಮ್ಮ ನೂರು ಫೋನಿಗಿಂತ ಅಂಗಡಿ ಮಾಲೀಕರ ಒಂದು ಫೋನು ಅಲ್ಲಿ ಜಾಸ್ತಿ ಕೆಲಸ ಮಾಡುತ್ತದೆ. “ಅಣ್ಣಾರ, ನಿಮ್ಮ ಮ್ಯಾಲೆ ನಂಗೇನೂ ಸಿಟ್ಟಿಲ್ಲ, ಆದ್ರ ಕಾಗದ ಮಾತ್ರ ನಿಮಗೂ ಕೊಡ್ತೀನಿ, ಕಂಪನಿಗೂ ಕೊಡ್ತೀನಿ” ಅಂತ ಮೊದಲೇ ಹೇಳಿ. ಹೆಚ್ಚಿನ ಅಂಗಡಿಯವರು ಇಷ್ಟಕ್ಕೇ ಎಚ್ಚರವಾಗುತ್ತಾರೆ.

ಕಾಗದದಲ್ಲಿ ಏನು ಬರೆಯಬೇಕು? ಜನ ಎರಡು ಪುಟ ಬರೆಯುತ್ತಾರೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಮಗುವಿಗೆ ಬೆವರುಸಾಲೆ ಎದ್ದಿದೆ, ಬಿಸಿಲು 42 ಡಿಗ್ರಿ, ನಿಮ್ಮ ಕಂಪನಿ ಮೋಸಗಾರ ಕಂಪನಿ. ಎಲ್ಲ ನಿಜವೇ ಇರಬಹುದು. ಓದುವವನಿಗೆ ಬೇಕಾಗಿರುವುದು ಆರೇಳು ಸಾಲು. ಹೀಗೆ ಬರೆದರೆ ಸಾಕು:

“ವಿಷಯ: ದೋಷವಿರುವ ಏರ್ ಕೂಲರ್ ಬದಲಿಸಿಕೊಡುವ ಬಗ್ಗೆ. ಇಂಥ ದಿನ, ಇಂಥ ಬಿಲ್ ನಂಬರಿನಲ್ಲಿ, ಇಂಥ ಮಾಡೆಲ್ ಮತ್ತು ಸೀರಿಯಲ್ ನಂಬರಿನ ಕೂಲರನ್ನು 11,500 ರೂಪಾಯಿಗೆ ಕೊಂಡಿದ್ದೇನೆ. ಇಂಥ ದಿನದಿಂದ ಪಂಪ್ ನಡೆಯುತ್ತಿಲ್ಲ. ಇಂಥ ದಿನ ಅಂಗಡಿಗೆ ಬಂದು ತಿಳಿಸಿದ್ದೇನೆ. ಕಂಪನಿಗೆ ಕೊಟ್ಟ ದೂರಿನ ನಂಬರ್ ಇಂಥದ್ದು. ಇಂಥ ದಿನ ಬಂದ ಟೆಕ್ನಿಷಿಯನ್ ರಿಪೇರಿ ಮಾಡದೆ ಹೋಗಿದ್ದಾರೆ, ಕಾರಣವನ್ನು ಬರಹದಲ್ಲಿ ಕೊಟ್ಟಿಲ್ಲ. ಈ ಪತ್ರ ತಲುಪಿದ 15 ದಿನದೊಳಗೆ ಕೂಲರ್ ಸರಿಮಾಡಿ ಕೊಡಿ, ಇಲ್ಲವೇ ಬದಲಿಸಿ ಕೊಡಿ, ಇಲ್ಲವೇ ದುಡ್ಡು ಮರಳಿಸಿ. ಆಗದಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.”

ಕೆಳಗೆ ಹೆಸರು, ವಿಳಾಸ, ಸಹಿ. ಕಂಪನಿಯ ಇಮೇಲ್ ವಿಳಾಸ ವಾರಂಟಿ ಕಾರ್ಡಿನ ಮೇಲೋ ಡಬ್ಬದ ಮೇಲೋ ಇರುತ್ತದೆ, ಅದಕ್ಕೆ ಕಳಿಸಿ. ಅಂಗಡಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನ ಮಾಡಿ. ಕನ್ನಡದಲ್ಲೇ ಬರೆಯಿರಿ, ಹಿಂದಿ ಬರಲ್ಲ ಅನ್ನುವ ಸಂಕೋಚ ಬೇಡ. ಫೋನಿನಲ್ಲಿ ಭಾಷೆ ಬರದೆ ತಡವರಿಸಬೇಕಾಗುತ್ತದೆ, ಕಾಗದದಲ್ಲಿ ಆ ಕಷ್ಟವಿಲ್ಲ. ಓದಿಸಿಕೊಳ್ಳುವ ಜವಾಬ್ದಾರಿ ಇಲ್ಲಿ ಬಂದು ಮಾಲು ಮಾರಿದವರದ್ದು. ವಕೀಲರ ನೋಟಿಸೇ ಆಗಬೇಕು ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ಆ ಖರ್ಚು ಈಗಲೇ ಬೇಡ.

ಇನ್ನು ಬೋರಿನ ನೀರಿನ ಮಾತು. ಇದನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆ ಸರ್ವಿಸ್‌ನವರು ಎತ್ತುವ ಮೊದಲ ನೆಪವೇ ಇದು. ಎರಡನೆಯದು ವೋಲ್ಟೇಜ್. ನಮ್ಮ ನೀರು ಗಡಸು, ಪ್ಯಾಡಿನ ಮೇಲೆ ಬಿಳಿ ಉಪ್ಪು ಕೂರುತ್ತದೆ, ಅದು ಸುಳ್ಳಲ್ಲ. ಪಂಪಿನ ಒಳಗೂ ಸುಣ್ಣ ಕಟ್ಟಿ ತಿರುಗುವ ರೆಕ್ಕೆ ಹಿಡಿದುಕೊಳ್ಳಬಹುದು. ಆದರೆ ಮೂರು ವಾರ ಓಡಿದ ಪಂಪು ಅದರಿಂದಲೇ ಕೆಟ್ಟಿತು ಅಂತ ಬಾಯಲ್ಲಿ ಹೇಳಿದರೆ ಮುಗಿಯಲಿಲ್ಲ. ಆ ಹುಡುಗ ಪಂಪು ಬಿಚ್ಚಿ ನೋಡಿದನಾ? ವಾರಂಟಿ ಕಾರ್ಡಿನಲ್ಲಿ ಗಡಸು ನೀರಿಗೆ ವಾರಂಟಿ ಇಲ್ಲ ಅಂತ ಬರೆದಿದೆಯಾ? ಈ ಎರಡು ಪ್ರಶ್ನೆ ಕೇಳಿ. ಬೋರಿನ ನೀರು ಬಿಟ್ಟು ಬೇರೆ ನೀರು ಎಷ್ಟು ಮನೆಯಲ್ಲಿದೆ ಅಂತ ಗೊತ್ತಿದ್ದೇ ಕಂಪನಿಯವರು ಇಲ್ಲಿ ಕೂಲರ್ ಮಾರುತ್ತಿದ್ದಾರೆ, ಅಲ್ವಾ?

ಅವರು ಮತ್ತೆ ಬಂದಾಗ ಜಾಬ್ ಶೀಟ್ ಕೇಳಿ, ಅಂದರೆ ಬಂದು ಏನು ನೋಡಿದರು, ಏನು ಮಾಡಿದರು ಅಂತ ಅವರು ಬರೆಯುವ ಚೀಟಿ. ಕಾಗದದಲ್ಲಿರಬಹುದು, ಮೊಬೈಲಿನಲ್ಲಿರಬಹುದು. ವಾರಂಟಿ ಯಾಕೆ ಇಲ್ಲ ಅನ್ನುವುದನ್ನು ಅದರಲ್ಲಿ ಬರೆಯಲಿ. ಬರೆಯಲು ಕೇಳಿದ ಕೂಡಲೇ ಅರ್ಧ ಜನರ ಧಾಟಿ ಬದಲಾಗುತ್ತದೆ, “ಆಫೀಸಿಗೆ ಕೇಳಿ ಹೇಳ್ತೀನ್ರೀ” ಅಂತಾರೆ. ಓದದೆ ಸಹಿ ಹಾಕಬೇಡಿ. ಒಪ್ಪಿಗೆ ಇಲ್ಲದಿದ್ದರೆ ಸಹಿಯ ಪಕ್ಕದಲ್ಲೇ “ರಿಪೇರಿ ಆಗಿಲ್ಲ, ಒಪ್ಪಿಲ್ಲ” ಅಂತ ಕನ್ನಡದಲ್ಲಿ ಬರೆದು ದಿನಾಂಕ ಹಾಕಿ.

ಓಟಿಪಿ ವಿಷಯ ಇನ್ನೂ ಮುಖ್ಯ. ಈಗ ಬಹಳ ಕಂಪನಿಗಳು ದೂರು ಮುಚ್ಚುವಾಗ ಗ್ರಾಹಕರ ಫೋನಿಗೆ ಒಂದು ನಂಬರ್ ಕಳಿಸುತ್ತವೆ. ಕೆಲವರು ಅದನ್ನು ಹ್ಯಾಪಿ ಕೋಡ್ ಅಂತಾರೆ. ಅದನ್ನು ಹೇಳಿದರೆ “ಕೆಲಸ ಆಯಿತು, ನನಗೆ ಸಮಾಧಾನ” ಅಂತ ನೀವೇ ಒಪ್ಪಿದ ಹಾಗೆ. ಸರ್ವಿಸ್ ಹುಡುಗ ಅದನ್ನು ಬಾಗಿಲಲ್ಲೇ ಕೇಳುತ್ತಾನೆ. “ಅಕ್ಕಾರ, ಸುಮ್ನ ಎಂಟ್ರಿ ಮಾಡ್ಲಿಕ್ಕ ಬೇಕ್ರೀ” ಅಂತಾನೆ. ಪಾಪ, ದಿನಕ್ಕೆ ಇಷ್ಟು ದೂರು ಮುಚ್ಚಬೇಕು ಅಂತ ಅವನ ಮೇಲೂ ಒತ್ತಡ ಇರುತ್ತದೆ. ಕೂಲರಿನಲ್ಲಿ ನೀರು ಹರಿದು, ತಣ್ಣನೆ ಗಾಳಿ ಬರುವವರೆಗೆ ಆ ನಂಬರ್ ಕೊಡಬೇಡಿ. ಚಹಾ ಬೇಕಾದರೆ ಕೊಡಿ.

ಬಿಸಿಲು ತಡೆಯಲಾಗದೆ ಓಣಿಯ ಎಲೆಕ್ಟ್ರಿಷಿಯನ್ ಕಡೆ ಪಂಪ್ ಬದಲಿಸೋಣ ಅನಿಸುವುದು ಸಹಜ. ಬಜಾರಿನಲ್ಲಿ ಅದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊರಗಿನವರು ಬಿಚ್ಚಿದರು ಅನ್ನುವ ಮೂರನೇ ನೆಪವನ್ನು ಮಾತ್ರ ಸುಮ್ನೆ ಅವರ ಕೈಗೆ ಕೊಡಬೇಡಿ. ಮೊದಲು ಕಾಗದ ಕಳಿಸಿ, ಇಲ್ಲ ಅನ್ನುವ ಉತ್ತರ ಬರಹದಲ್ಲಿ ಬರಲಿ, ಇಲ್ಲವೇ ನೀವು ಕೊಟ್ಟ 15 ದಿನ ಮುಗಿಯಲಿ. ಆಮೇಲೆ ಹೊಸ ಪಂಪ್ ಹಾಕಿಸಿ, ಅದರ ಬಿಲ್ಲು ತಗೊಳ್ಳಿ, ಹಳೆಯ ಪಂಪನ್ನು ಗುಜರಿಗೆ ಹಾಕದೆ ಎತ್ತಿಡಿ. ಆ ಖರ್ಚನ್ನೂ ಕೇಳಬಹುದು.

ಕಾಗದಕ್ಕೂ ಜಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ಅವರು ನಿಮ್ಮ ದೂರನ್ನು ನೇರವಾಗಿ ಕಂಪನಿಗೆ ದಾಟಿಸುತ್ತಾರೆ. ಕಂಪನಿಗೆ ಆದೇಶ ಮಾಡುವ ಅಧಿಕಾರ ಇವರಿಗಿಲ್ಲ, ಅದು ನೆನಪಿರಲಿ. ಆದರೆ ನಿಮ್ಮ ಫೋನಿಗೆ ಕದಲದ ದೊಡ್ಡ ಕಂಪನಿಗಳು ಇಲ್ಲಿಂದ ಹೋದ ದೂರಿಗೆ ಕದಲುವುದನ್ನು ನೋಡಿದ್ದೇನೆ. ಅಲ್ಲಿ ಅದನ್ನು ನೋಡುವವರೇ ಬೇರೆ. ಚಿಕ್ಕ ಅಂಗಡಿ, ಲೋಕಲ್ ಬ್ರ್ಯಾಂಡ್ ಆದರೆ ಇದರಿಂದ ಹೆಚ್ಚು ಉಪಯೋಗ ಇಲ್ಲ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಕೊಂಡಿದ್ದು ಕಲಬುರಗಿಯಲ್ಲಿ, ಹಾಗಾಗಿ ಕಲಬುರಗಿಗೇ ಅಲೆಯಬೇಕು ಅಂತ ನೀವು ಅಂದುಕೊಂಡಿದ್ದೀರೇನೋ. ಬೇಡ. ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಾಗಿನಿಂದ, ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಿಮಗೆ ಬೀದರ್ ಆಯೋಗ ಸಾಕು. ನಮ್ಮ ಗಡಿ ಭಾಗದವರಿಗೆ ಇದು ದೊಡ್ಡ ಅನುಕೂಲ. ಮದುವೆ ಜವಳಿ, ಫ್ರಿಜ್ಜು, ಸೋಫಾ ಅಂತ ಹೈದರಾಬಾದಿಗೂ ಸೊಲ್ಲಾಪುರಕ್ಕೂ ಹೋಗಿ ತರುವವರು ನಾವು. ಮಾಲು ಕೆಟ್ಟರೆ ಮೊದಲು ಆ ಊರಿಗೇ ಹೋಗಿ ಕೇಸು ಹಾಕಬೇಕಾಗಿತ್ತು, ಹಾಗಾಗಿ ಎಲ್ಲರೂ ಬಿಟ್ಟುಬಿಡುತ್ತಿದ್ದರು.

ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ನಿಂತು ಹೇಳಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಇ-ಜಾಗೃತಿ ಅನ್ನುವ ಸರ್ಕಾರಿ ಪೋರ್ಟಲ್ 2025ರ ಜನವರಿಯಲ್ಲಿ ಶುರುವಾಗಿದೆ, ಮನೆಯಿಂದಲೇ ದೂರು ಹಾಕಬಹುದು. ಮಾಲನ್ನು ಲ್ಯಾಬಿಗೆ ಕಳಿಸುವ ಅಗತ್ಯ ಇಲ್ಲದ ಕೇಸನ್ನು 3 ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. ಅಷ್ಟರಲ್ಲಿ ಮುಗಿಯುತ್ತದೆ ಅಂತ ನಂಬಿಕೊಂಡು ಕೂರಬೇಡಿ, ಜಾಸ್ತಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಕೆಟ್ಟ ಕೂಲರಿನ ದೂರನ್ನು ಮಿರಗದ ಮಳೆ ಬೀಳುವವರೆಗೆ ಎಳೆದರೆ ನೀವೇ ಸುಮ್ಮನಾಗುತ್ತೀರಿ ಅನ್ನುವುದು ಕಂಪನಿಯವರಿಗೂ ಗೊತ್ತು. ಮಳೆ ಬಂದರೂ ಕಾಗದ ಕೈಬಿಡದಿರುವವರಿಗೆ ಅವರು ಹೆದರುತ್ತಾರೆ. ಎಷ್ಟೋ ಸಲ ಆಯೋಗದ ನೋಟಿಸ್ ಕೈಸೇರಿದ ಮೇಲೆ ರಾಜಿಗೆ ಫೋನ್ ಬರುತ್ತದೆ.

ದೂರಿನಲ್ಲಿ ಏನು ಕೇಳಬೇಕು ಅನ್ನುವುದಕ್ಕೂ ಒಂದು ಹದ ಬೇಕು. 11,500ರ ಕೂಲರಿಗೆ 5 ಲಕ್ಷ ಮಾನಸಿಕ ಹಿಂಸೆಯ ಪರಿಹಾರ ಕೇಳುವವರಿದ್ದಾರೆ. ಕೊಡಲ್ಲ, ಮೇಲಾಗಿ ದೂರಿನ ತೂಕವೇ ಕಡಿಮೆಯಾಗುತ್ತದೆ. ಕೂಲರಿನ ಬೆಲೆ, ಓಡಾಟ ಮತ್ತು ಪಂಪಿನ ಖರ್ಚು, ತೊಂದರೆಗೆ ಕೆಲವು ಸಾವಿರ. ಅಷ್ಟು ಕೇಳಿ.

ಓಟಿಟಿಯ 149 ರೂಪಾಯಿಗೆ ಇಷ್ಟೆಲ್ಲ ಬೇಡ, ಅದು ಹತ್ತು ನಿಮಿಷದ ಕೆಲಸ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಮೊದಲ ಸಲ ದುಡ್ಡು ಕಟ್ಟುವಾಗ ಮಗ “ಪ್ರತಿ ತಿಂಗಳು ನೀವೇ ತಗೊಳ್ಳಿ” ಅಂತ ಒಪ್ಪಿಗೆ ಕೊಟ್ಟಿದ್ದಾನೆ. ಆ ಒಪ್ಪಿಗೆ ಇರುವುದು ಓಟಿಟಿ ಆ್ಯಪಿನಲ್ಲಲ್ಲ, ದುಡ್ಡು ಕಟ್ಟಿದ ಕಡೆ. ಫೋನ್‌ಪೇ, ಗೂಗಲ್‌ಪೇಯಂಥ ಆ್ಯಪಿನಲ್ಲಿ ಆಟೋಪೇ ಅನ್ನುವ ಜಾಗ ಇರುತ್ತದೆ. ಅಲ್ಲಿ ಆ ಕಂಪನಿಯ ಹೆಸರು ಹುಡುಕಿ ರದ್ದು ಮಾಡಿ. ಅಲ್ಲಿ ಕಾಣದಿದ್ದರೆ ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪಟ್ಟಿ ನೋಡಿ. ಕಾರ್ಡಿನಿಂದ ಕಟ್ ಆಗುತ್ತಿದ್ದರೆ ಬ್ಯಾಂಕಿಗೆ ಹೇಳಿ. ಹೀಗೆ ತಾನಾಗಿಯೇ ಕಟ್ ಆಗುವ ದುಡ್ಡಿಗೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು ಅಂತ ಆರ್‌ಬಿಐ ನಿಯಮ ಇದೆ. ಆ ಮೆಸೇಜ್ ಬಂದಿರುತ್ತದೆ. ಲೋನು ಕೊಡ್ತೀವಿ, ಪ್ಲಾಟ್ ಮಾರ್ತೀವಿ ಅನ್ನುವ ನೂರು ಮೆಸೇಜ್ ನಡುವೆ ನಾವು ಓದಿರುವುದಿಲ್ಲ.

ಹಿಂದಿನ ತಿಂಗಳುಗಳ ದುಡ್ಡು ವಾಪಸ್ ಬರುತ್ತಾ? ಮಗ ಮೊದಲೇ ಚಂದಾ ರದ್ದು ಮಾಡಿದ್ದು ತೋರಿಸಿದರೆ ಬರಬೇಕು. ಬರೀ ಆ್ಯಪ್ ಅಳಿಸಿದ್ದರೆ ನಾನು ಹೆಚ್ಚು ಆಸೆ ಹುಟ್ಟಿಸಲ್ಲ, ಆದರೂ ಕೇಳಿ ನೋಡಿ. ಸೇರುವಾಗ ಒಂದೇ ಒತ್ತು, ಬಿಡುವಾಗ ಹತ್ತು ಬಾಗಿಲು ಅನ್ನುವ ಹಾಗೆ ಆ್ಯಪ್ ಮಾಡಿದ್ದರೆ ಅದು ತಪ್ಪು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ಆಟಗಳ ಪಟ್ಟಿ ಮಾಡಿ ಬೇಡ ಅಂದಿದೆ, ಚಂದಾದ ಬಲೆ ಅವುಗಳಲ್ಲಿ ಒಂದು. ಆ್ಯಪಿನ ಒಳಗೆ ಕುಂದುಕೊರತೆ ಅಧಿಕಾರಿಯ ಹೆಸರು, ಇಮೇಲ್ ಇರಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಅಂತ ಹೇಳಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಇಲ್ಲೂ ಅದೇ ಮಾತು, ಚಾಟ್‌ನಲ್ಲಿ ಜಗಳ ಬೇಡ, ಆ ಅಧಿಕಾರಿಗೆ ಇಮೇಲ್ ಮಾಡಿ. ಮುಂದಿನ ಐಪಿಎಲ್‌ಗೆ ಮಗನಿಗೆ ಆಟೋಪೇ ಇಲ್ಲದ ಪ್ಲ್ಯಾನ್ ಹಾಕಲು ಹೇಳಿ. ಹಾಗೆ ಸಿಗದಿದ್ದರೆ ಚಂದಾ ಕಟ್ಟಿದ ದಿನವೇ ಆಟೋಪೇ ರದ್ದು ಮಾಡಲಿ, ಕಟ್ಟಿದ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ಮ್ಯಾಚ್ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ಓಟಿಟಿಯದ್ದಾಗಲಿ ಕೂಲರ್ ಕಂಪನಿಯದ್ದಾಗಲಿ, ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಕಳ್ಳ ನಂಬರ್‌ಗಳು ಕೂತಿರುತ್ತವೆ. ನೀವು ಫೋನ್ ಮಾಡಿದರೆ ಎರಡೇ ರಿಂಗಿಗೆ ಎತ್ತುತ್ತಾರೆ, ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ, ಅಲ್ಲೇ ಅನುಮಾನ ಬರಬೇಕು. ರಿಫಂಡ್ ಕೊಡ್ತೀವಿ, ಈ ಆ್ಯಪ್ ಹಾಕಿಕೊಳ್ಳಿ, ಸ್ಕ್ರೀನ್ ತೋರಿಸಿ, ಪಿನ್ ಒತ್ತಿ ಅಂತಾರೆ. ದುಡ್ಡು ಬರುವುದಕ್ಕೆ ಯಾವತ್ತೂ ಪಿನ್ ಬೇಕಾಗಲ್ಲ. ಮೋಸ ಆಗಿಬಿಟ್ಟರೆ ಅತ್ತುಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯಲು ಅಷ್ಟು ಅವಕಾಶ.

ಸಣ್ಣ ದುಡ್ಡು ಅಂದಿರಲ್ಲ, ಅದಕ್ಕೂ ಒಂದು ಮಾತು. ಎಲ್ಲ ಸಣ್ಣ ದುಡ್ಡೂ ಆಯೋಗದ ಕೇಸಲ್ಲ. ಬಸ್ ಸ್ಟ್ಯಾಂಡಿನಲ್ಲಿ 20 ರೂಪಾಯಿ ಬರೆದ ನೀರಿನ ಬಾಟಲಿಗೆ 25 ತಗೊಂಡು “ಕೂಲಿಂಗ್ ಚಾರ್ಜ್ ರೀ” ಅನ್ನುತ್ತಾರಲ್ಲ, ಅದು ಕಾಯ್ದೆಗೆ ವಿರುದ್ಧ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ, ತಂಪು ಮಾಡಿದ್ದಕ್ಕೆ ಬೇರೆ ದುಡ್ಡಿಲ್ಲ. ಅದಕ್ಕೆ ದೂರು ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಅಂದರೆ ತೂಕ ಮತ್ತು ಅಳತೆಯವರಿಗೆ ಹೋಗಬೇಕು. ಹೋಟೆಲಿನಲ್ಲಿ ಕೂತು ಕುಡಿಯುವ ಬಾಟಲಿಗೆ ಈ ಲೆಕ್ಕ ಇಲ್ಲ. ಅಲ್ಲಿ ಜಾಸ್ತಿ ತಗೊಳ್ಳಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನಗದು ಒಪ್ಪಿಗೆಯಿಲ್ಲ, ಆದರೆ ಈಗಿರುವುದು ಅದು.

ಹಾಗಾದರೆ ನೀವು ಈ ವಾರ ಮಾಡಬೇಕಾದದ್ದು: ಬಿಲ್ಲಿನ ಫೋಟೊ, ಆಟೋಪೇ ರದ್ದು, ಕಂಪನಿಗೆ ಇಮೇಲ್, ಅಂಗಡಿಗೆ ಸ್ಪೀಡ್ ಪೋಸ್ಟ್. ಅಂಗಡಿಗೆ ನೀವು ಹೋಗಿ ಹೇಳಿದ ದಿನಾಂಕವನ್ನು ನೆನಪಿಸಿಕೊಂಡು ಕಾಗದದಲ್ಲಿ ಸರಿಯಾಗಿ ಬರೆಯಿರಿ, 30 ದಿನದ ಲೆಕ್ಕ ಅದರ ಮೇಲೆ ನಿಂತಿದೆ. 15 ದಿನ ಕಳೆದರೂ ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡುವಾಗ ಆ ಕಾಗದ ಎದುರಿಗೆ ಇಟ್ಟುಕೊಳ್ಳಿ. ಬಿಲ್ ನಂಬರ್, ಮಾಡೆಲ್, ದಿನಾಂಕ ಎಲ್ಲ ಅವರು ಕೇಳುತ್ತಾರೆ.